ಸಿಇಟಿಯ ಫಂಕ್ಷನ್ ಲೆಕ್ಕ: ಬಿಡಿಸದೇ ಉತ್ತರ ಹಿಡಿದದ್ದು

ಹತ್ತನೇ ಕ್ಲಾಸಿನವರೆಗೆ ನಾನು ಕನ್ನಡ ಮಾಧ್ಯಮ. ಪಿಯುಸಿಯಲ್ಲಿ ಮೇಷ್ಟ್ರು ಬೋರ್ಡ್ ಮೇಲೆ ಎಫ್(ಎಕ್ಸ್) ಅಂತ ಬರೆದಾಗ ಎಫ್‌ಗೂ ಎಕ್ಸ್‌ಗೂ ಗುಣಾಕಾರ ಮಾಡಬೇಕು ಅಂದುಕೊಂಡಿದ್ದೆ. ಎಫ್ ಅನ್ನೋದು ಫಂಕ್ಷನ್, ಅಂದರೆ ಕಂಸದೊಳಗೆ ಹಾಕಿದ ಸಂಖ್ಯೆಗೆ ಒಂದು ಉತ್ತರ ಕೊಡುವ ನಿಯಮ ಅಂತ ಗೊತ್ತಿರಲಿಲ್ಲ. ನಗಬೇಡಿ, ನಮ್ಮ ಬೆಂಚಿನಲ್ಲಿ ಇನ್ನಿಬ್ಬರೂ ಹಾಗೇ ಅಂದುಕೊಂಡಿದ್ದರು.

ನನ್ನನ್ನು ದಾರಿಗೆ ತಂದದ್ದು ಖಾಲಿ ಕಂಸ. ಎಫ್(ಎಕ್ಸ್) = ಎಕ್ಸ್² − 3ಎಕ್ಸ್ ಅಂತ ಕೊಟ್ಟರೆ ರಫ್ ವರ್ಕ್ ಜಾಗದಲ್ಲಿ ಎಕ್ಸ್ ಬರೆಯುತ್ತಲೇ ಇರಲಿಲ್ಲ, ಎಫ್( ) = ( )² − 3( ) ಅಂತ ಬರೆದುಕೊಳ್ಳುತ್ತಿದ್ದೆ. ಒಳಗೆ ಏನು ಬಂದರೂ, ಅದು 7 ಇರಲಿ, ಎಕ್ಸ್ + 1 ಇರಲಿ, ಮೂರೂ ಕಂಸಕ್ಕೆ ಅದನ್ನೇ ತುಂಬೋದು, ಅಷ್ಟೇ. ಎಫ್(ಎಕ್ಸ್ + 1) ಅನ್ನು ಎಫ್(ಎಕ್ಸ್) + 1 ಅಂತ ಓದುವ ಚಾಳಿ ಒಂದೇ ವಾರದಲ್ಲಿ ಹೋಯಿತು.

ಆದರೆ ಸಿಇಟಿ ಗಣಿತದಲ್ಲಿ 60 ಪ್ರಶ್ನೆ, 80 ನಿಮಿಷ. ಅಂದರೆ ಒಂದಕ್ಕೆ 1 ನಿಮಿಷ 20 ಸೆಕೆಂಡು. ಕ್ಯಾಲ್ಕುಲೇಟರ್ ಇಲ್ಲ. ಬೋರ್ಡ್ ಪರೀಕ್ಷೆಯ ಹಾಗೆ ಹಂತ ಹಂತವಾಗಿ ಬರೆಯುತ್ತಾ ಕೂತರೆ ಮುಗಿಯಲ್ಲ. ಉತ್ತರ ಹೇಗಿದ್ದರೂ ನಾಲ್ಕು ಆಯ್ಕೆಯಲ್ಲಿ ಒಂದು ಅಲ್ವಾ? ಹಾಗಾಗಿ ಎಕ್ಸ್‌ಗೆ ಒಂದು ಸಂಖ್ಯೆ ಹಾಕಿ, ಹೊಂದದ ಆಯ್ಕೆಗಳನ್ನು ಹೊಡೆದುಹಾಕಲು ಶುರು ಮಾಡಿದೆ.

ಮೊದಲ ಸಲವೇ ಎಡವಿದೆ. ಮೇಲಿನ ಎಫ್‌ಗೇ ಎಫ್(ಎಕ್ಸ್ + 1) − ಎಫ್(ಎಕ್ಸ್) ಎಷ್ಟು ಅನ್ನೋದು ಪ್ರಶ್ನೆ. ಆಯ್ಕೆಗಳು: 2ಎಕ್ಸ್ − 2, 2ಎಕ್ಸ್ + 4, ಎಕ್ಸ್² − 2, 2ಎಕ್ಸ್ − 4. ಸುಲಭ ಅಂತ 0 ಹಾಕಿದೆ, −2 ಬಂತು. ಮೊದಲನೆಯದೂ −2, ಮೂರನೆಯದೂ −2. ಸರಿ ಅಂತ 2 ಹಾಕಿದರೆ ಮತ್ತೆ ಅವೆರಡೂ 2 ಅಂತಲೇ ನಿಂತವು! 5 ಹಾಕಿದ ಮೇಲೆ ಬಗೆಹರಿಯಿತು: ಎಫ್(6) = 18, ಎಫ್(5) = 10, ವ್ಯತ್ಯಾಸ 8. ಮೊದಲನೆಯದು 8 ಕೊಟ್ಟಿತು, ಮೂರನೆಯದು 23. ಆಮೇಲೆ ನೋಡಿದರೆ ತಪ್ಪು ನನ್ನದೇ, ಎಕ್ಸ್² ಮತ್ತು 2ಎಕ್ಸ್ ಸಮ ಆಗೋದು 0 ಮತ್ತು 2ರಲ್ಲೇ, ನಾನು ಹುಡುಕಿ ಹುಡುಕಿ ಅವೆರಡನ್ನೇ ಹಾಕಿದ್ದೆ. ಅವತ್ತಿನಿಂದ 0, 1, 2 ಬಿಟ್ಟು 3 ಅಥವಾ 5ರಿಂದ ಶುರು.

ಇನ್ವರ್ಸ್ (ಉತ್ತರದಿಂದ ಮೂಲ ಸಂಖ್ಯೆಗೆ ವಾಪಸ್ ತರುವ ಫಂಕ್ಷನ್) ಲೆಕ್ಕದಲ್ಲಿ ಮಾತ್ರ 1 ಹಾಕುತ್ತಿದ್ದೆ, ಲೆಕ್ಕ ಹಗುರ ಅಂತ. ಎಫ್(ಎಕ್ಸ್) = (3ಎಕ್ಸ್ + 2)/(5ಎಕ್ಸ್ − 3) ತಗೊಳ್ಳಿ. ಎಫ್(1) = 5/2. ಅದನ್ನೇ ಮತ್ತೆ ಒಳಗೆ ಹಾಕಿದರೆ 9.5/9.5, ಅಂದರೆ 1. ಹೋದದ್ದು ವಾಪಸ್ ಬಂತು, ಹಾಗಾಗಿ 'ಇನ್ವರ್ಸ್ ಕೂಡ ಎಫ್ ಆಗಿರುತ್ತದೆ' ಅನ್ನುವ ಆಯ್ಕೆಗೆ ಗುರುತು. ಇದು ಪೂರ್ತಿ ಸಾಧನೆ (ಪ್ರೂಫ್) ಅಲ್ಲ, ಗೊತ್ತು. ಆದರೆ ಉಳಿದ ಮೂರೂ ಬಿದ್ದುಹೋದ ಮೇಲೆ ಸಾಧನೆ ಯಾರಿಗೆ ಬೇಕು?

ಈ ಉಪಾಯ ಕೈಕೊಡೋದು ಡೊಮೈನ್ ಪ್ರಶ್ನೆಗಳಲ್ಲಿ, ಅಂದರೆ ಎಕ್ಸ್ ಜಾಗಕ್ಕೆ ಯಾವ ಯಾವ ಸಂಖ್ಯೆ ಹಾಕಬಹುದು ಅಂತ ಕೇಳುವಲ್ಲಿ. 1/√(|ಎಕ್ಸ್| − ಎಕ್ಸ್) ಅಂತ ಮಾಕ್ ಟೆಸ್ಟ್‌ನಲ್ಲಿ ಬಂದಿತ್ತು (|ಎಕ್ಸ್| ಅಂದರೆ ಋಣ ಚಿಹ್ನೆ ತೆಗೆದ ಎಕ್ಸ್). 5 ಹಾಕಿದೆ, ಛೇದ ಸೊನ್ನೆ, ಆಗಲ್ಲ. −5 ಹಾಕಿದೆ, ಒಳಗೆ 10, ಆಗುತ್ತೆ. ಓಹೋ ಋಣ ಸಂಖ್ಯೆಗಳು ಅಂತ ಕಣ್ಣಿಗೆ ಮೊದಲು ಬಿದ್ದ ಆಯ್ಕೆಯ ವೃತ್ತ ತುಂಬಿಬಿಟ್ಟೆ. ಅದರಲ್ಲಿ ಸೊನ್ನೆಯ ಪಕ್ಕ ಚೌಕ ಕಂಸ ಇತ್ತು, ಅಂದರೆ ಸೊನ್ನೆಯೂ ಸೇರಿತ್ತು. ಸೊನ್ನೆ ಹಾಕಿದರೆ ಛೇದ ಸೊನ್ನೆ! ದುಂಡು ಕಂಸದ ಸರಿ ಉತ್ತರ ಅದರ ಕೆಳಗೇ ಇತ್ತು. ಓಎಂಆರ್‌ನಲ್ಲಿ (ವೃತ್ತ ತುಂಬುವ ಉತ್ತರ ಹಾಳೆಯಲ್ಲಿ) ಪೆನ್ನಿನಿಂದ ತುಂಬಿದ್ದನ್ನು ಅಳಿಸೋಕೆ ಆಗುತ್ತಾ? ಅಲ್ಲಿಂದ ಮುಂದೆ ಡೊಮೈನ್ ಅಂತ ಕಂಡರೆ ಆಯ್ಕೆಗಳಲ್ಲಿರುವ ಅಂಚಿನ ಸಂಖ್ಯೆಯನ್ನೇ ಮೊದಲು ಹಾಕುತ್ತಿದ್ದೆ.

ಎಫ್(ಎಕ್ಸ್) + 2ಎಫ್(1/ಎಕ್ಸ್) = 3ಎಕ್ಸ್ ಅಂತ ಕೊಟ್ಟು ಎಫ್(2) ಕೇಳುವ ಜಾತಿಯೊಂದಿದೆ. ಅದನ್ನು ತುಂಬಾ ದಿನ ನೋಡಿಯೂ ನೋಡದ ಹಾಗೆ ದಾಟಿಸುತ್ತಿದ್ದೆ. ಕೊನೆಗೆ ಒಂದಿನ ಸುಮ್ನೆ ಎಕ್ಸ್‌ಗೆ 2 ಹಾಕಿದೆ, ಆಮೇಲೆ 1/2 ಹಾಕಿದೆ. ಎಫ್(2), ಎಫ್(1/2) ಎರಡೇ ಗೊತ್ತಿಲ್ಲದವು, ಸಮೀಕರಣವೂ ಎರಡು. ಹತ್ತನೇ ಕ್ಲಾಸಿನ ಲೆಕ್ಕ! ಮೂರು ಸಾಲಿನಲ್ಲಿ −1 ಬಂತು.