ಕೆಲಸ ಹೋದ ಮೇಲೆ ನಾನು ಹಿಡಿದ ದಾರಿ

ಹಾಸನದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ (ಒಣಗಿದ ಕಾಫಿಯ ಸಿಪ್ಪೆ ಬಿಡಿಸಿ ಬೀಜ ವಿಂಗಡಿಸುವ ಕಾರ್ಖಾನೆ) ಒಂಬತ್ತು ವರ್ಷ ಲೆಕ್ಕಪತ್ರ ನೋಡಿಕೊಂಡಿದ್ದ ನನ್ನನ್ನು, ಆಡಳಿತ ಕೈಬದಲಾದ ಮೇಲೆ ಮುಂಗಾರಿನ ಆರಂಭದಲ್ಲಿ ಕೆಲಸದಿಂದ ಬಿಡಿಸಿದರು. ಕ್ಯೂರಿಂಗ್‌ನವರಿಗೆ ಅದು ಬಿಡುವಿನ ಕಾಲ. ಹೊಸಬರನ್ನು ತೆಗೆದುಕೊಳ್ಳುವವರು ಅರೇಬಿಕಾ ಕಾಫಿಯ ಕೊಯ್ಲು ಹತ್ತಿರವಾಗುವವರೆಗೆ ಯೋಚಿಸುವುದೇ ಇಲ್ಲ. ಹಾಗಾಗಿ ದೀಪಾವಳಿಯವರೆಗೆ ಸಂಬಳವಿಲ್ಲದೆ ನಡೆಯಬೇಕೆಂದು ಲೆಕ್ಕ ಹಾಕಿಕೊಂಡು, ಮೊದಲು ಬರಬೇಕಾದ ಹಣದ ಕಡೆ ಗಮನ ಕೊಟ್ಟೆ.

ಐದು ವರ್ಷ ದಾಟಿದ್ದರಿಂದ ಗ್ರಾಚ್ಯುಟಿ ನನ್ನ ಹಕ್ಕಾಗಿತ್ತು. ಕೊನೆಯ ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆಯನ್ನು 26ರಿಂದ ಭಾಗಿಸಿ, 15ರಿಂದಲೂ ಸೇವೆಯ ವರ್ಷಗಳಿಂದಲೂ ಗುಣಿಸಿದರೆ ಬರುವ ಮೊತ್ತವನ್ನು ನಾನೇ ಬರೆದು ಅರ್ಜಿ ಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಂಡೆ. ಭವಿಷ್ಯನಿಧಿಯ ವಿಷಯದಲ್ಲಿ ಮನೆಯಲ್ಲಿ ಒತ್ತಡವಿತ್ತು, ಪೂರ್ತಿ ತೆಗೆದುಬಿಡಿ ಎಂದು. ಆದರೆ ಅದರ ಜೊತೆಗೇ ಇರುವ ಪಿಂಚಣಿಗೆ ಕನಿಷ್ಠ 10 ವರ್ಷದ ಸೇವೆ ಬೇಕು. ಪಿಂಚಣಿಯ ಪಾಲನ್ನೂ ತೆಗೆದಿದ್ದರೆ ಅಷ್ಟೂ ವರ್ಷಗಳ ಸೇವೆ ಲೆಕ್ಕದಿಂದ ಅಳಿಸಿಹೋಗುತ್ತಿತ್ತು. ಖರ್ಚನ್ನು ಗ್ರಾಚ್ಯುಟಿಯಲ್ಲೇ ತೂಗಿಸಿ ಭವಿಷ್ಯನಿಧಿಯನ್ನು ಮುಟ್ಟದೆ ಉಳಿಸಿದೆ.

ಇನ್ನು ಹುಡುಕಾಟ. ಉದ್ಯೋಗ ವಿನಿಮಯ ಕೇಂದ್ರದಲ್ಲಿ ಹೆಸರು ಬರೆಸಿದೆ, ಅದರಿಂದ ಏನೂ ಬರಲಿಲ್ಲ. ನಮ್ಮ ಕಡೆ ಇಂಥ ಕೆಲಸಗಳು ಜಾಹೀರಾತಿಗೆ ಬರುವುದೇ ಅಪರೂಪ. ಆಡಿಟರ ಕಚೇರಿ, ಕಾಫಿ ಖರೀದಿದಾರರ ಗೋದಾಮು, ಗೊಬ್ಬರದಂಗಡಿ ಇಲ್ಲೆಲ್ಲ ಮಾತಿನಲ್ಲೇ ಕೈದಾಟುತ್ತವೆ. ಕೆಲಸ ಹೋಗಿದೆ ಎಂಬುದನ್ನು ಮುಚ್ಚಿಟ್ಟವನಿಗೆ ಆ ಮಾತು ತಲುಪುವುದಿಲ್ಲ. “ಏನ್ರೀ, ರಜೆ ಹಾಕಿದ್ದೀರಾ?” ಎಂದು ಕೇಳಿದವರಿಗೆಲ್ಲ ನೇರವಾಗಿ ಹೇಳಿದೆ. ಹಾಗೆಂದು ‘ಏನಾದರೂ ಕೆಲಸ ಇದ್ದರೆ ಹೇಳಿ’ ಎಂದು ಕೇಳಲಿಲ್ಲ, ಕೇಳಿಸಿಕೊಂಡವರು ಅದನ್ನು ಅಲ್ಲಿಯೇ ಮರೆಯುತ್ತಾರೆ. ಟ್ಯಾಲಿ ತಂತ್ರಾಂಶ, ಜಿಎಸ್‌ಟಿ ರಿಟರ್ನ್ ಮತ್ತು ಔಟ್‌ಟರ್ನ್ ಲೆಕ್ಕ (ಕ್ಯೂರಿಂಗ್ ಆದ ಮೇಲೆ ಚೀಲಕ್ಕೆ ಎಷ್ಟು ಬೀಜ ಸಿಕ್ಕಿತೆಂಬುದು), ಈ ಮೂರನ್ನು ಒಬ್ಬನೇ ನೋಡಿಕೊಳ್ಳಬಲ್ಲೆ ಎಂದು ಹೇಳುತ್ತಿದ್ದೆ. ಮೂರನೆಯದನ್ನು ಬಲ್ಲ ಲೆಕ್ಕಿಗರು ಕಡಿಮೆ ಎಂಬುದು ನನಗೆ ಗೊತ್ತಿತ್ತು.

ಹಳೆಯ ಪರಿಚಯದ ಖರೀದಿದಾರರೊಬ್ಬರು ಸಕಲೇಶಪುರದ ಕಡೆಯ ತೋಟವೊಂದಕ್ಕೆ ನನ್ನ ಹೆಸರು ಹೇಳಿದರು. ಅಲ್ಲಿನ ಮಾಲೀಕರು ಸ್ವವಿವರದ ಹಾಳೆಯನ್ನು ಮಡಿಚಿಟ್ಟು, ಹಿಂದಿನ ವರ್ಷದ ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ) ಮತ್ತು ಕ್ಯೂರಿಂಗ್‌ನಿಂದ ಬಂದ ರೊಬಸ್ಟಾ ಚೆರಿಯ (ಹಣ್ಣಾಗಿಯೇ ಒಣಗಿಸಿದ ಕಾಫಿ) ವರದಿಯನ್ನು ಮುಂದಿಟ್ಟು, “ಇದರಲ್ಲಿ ಏನು ಕಾಣುತ್ತೆ ಹೇಳಿ” ಎಂದರು. 50 ಕಿಲೋ ಚೀಲಕ್ಕೆ 26ರಿಂದ 28 ಕಿಲೋ ಬೀಜ ಸಿಗುವುದು ವಾಡಿಕೆ. ಒಂದು ಲಾಟ್ ಮಾತ್ರ 24ಕ್ಕೆ ಇಳಿದಿತ್ತು. ಅದನ್ನು ಒಣಗಿಸಿದ ವಾರದ ಚೆಕ್‌ರೋಲ್ ಪುಟ ತೆಗೆದು ನೋಡಿದರೆ ಕಣದಲ್ಲಿ ಒಣಗಿಸುವ ಆಳುಗಳ ಹಾಜರಿ ಅರ್ಧಕ್ಕರ್ಧ ಕಡಿಮೆ. ಚೆರಿ ಸರಿಯಾಗಿ ಒಣಗದೆ ಚೀಲಕ್ಕೆ ಹೋಗಿರಬೇಕು, ತೇವದ ತೂಕ ಕ್ಯೂರಿಂಗ್‌ನಲ್ಲಿ ಕಳೆದಿರಬೇಕು ಎಂದೆ. ಅವರು ಮೇಸ್ತ್ರಿಯನ್ನು ಕರೆಸಿ ಅದನ್ನೇ ವಿಚಾರಿಸಿದರು.

ಸಂಬಳ ಮೊದಲಿಗಿಂತ ಕಡಿಮೆ, ಓಡಾಟ ಹೆಚ್ಚು. ಆದರೂ ಒಪ್ಪಿಕೊಳ್ಳುವ ಮುನ್ನ ಎರಡು ವಿಷಯಗಳನ್ನು ಕೇಳಿದೆ: ಕೊಯ್ಲು ಮುಗಿದ ಮೇಲೂ ಕೆಲಸ ಮುಂದುವರಿಯುತ್ತದೆಂದು ಬರೆದ ನೇಮಕ ಪತ್ರ, ಮತ್ತು ಭವಿಷ್ಯನಿಧಿಗೆ ನನ್ನ ಹಳೆಯ ಯುಎಎನ್ ಸಂಖ್ಯೆಯನ್ನೇ (ಕೆಲಸ ಬದಲಾದರೂ ಬದಲಾಗದ ಭವಿಷ್ಯನಿಧಿ ಸಂಖ್ಯೆ) ಸೇರಿಸುವುದು. ಎರಡಕ್ಕೂ ಒಪ್ಪಿದರು, ಕಾರ್ತಿಕದಲ್ಲಿ ಸೇರಿಕೊಂಡೆ.