ಮಾಳಿಗೆಯ ಮಣ್ಣು ಇಳಿಸಿದ ದಿನಗಳು: ಕಿಲ್ಲಾರಿ ಭೂಕಂಪದ ನಂತರದ ನನ್ನ ಅನುಭವ

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿಯನ್ನು ನೀರಿಗೆ ಬಿಟ್ಟು ಬಂದ ಜನರು ಗಾಢನಿದ್ರೆಯಲ್ಲಿದ್ದಾಗ, ಮಹಾರಾಷ್ಟ್ರದ ಲಾತೂರು ಮತ್ತು ಉಸ್ಮಾನಾಬಾದ್ ಜಿಲ್ಲೆಗಳ ಹಳ್ಳಿಗಳು ನೆಲಕ್ಕುರುಳಿದವು. ಆಳಂದದ ಕಡೆಯವನಾದ ನನಗೆ ಕನ್ನಡದಷ್ಟೇ ಸಲೀಸಾಗಿ ಮರಾಠಿಯೂ ಬರುತ್ತಿದ್ದುದರಿಂದ, ಓದು ಮುಗಿಸಿದ ಕೆಲವೇ ದಿನಗಳಲ್ಲಿ ಗಡಿಯಾಚೆಯ ಉಮರ್ಗಾ ತಾಲ್ಲೂಕಿನಲ್ಲಿ ಎಂಜಿನಿಯರ್ ಕೆಲಸ ಸಿಕ್ಕಿತು.

ಪೂರ್ತಿ ನಾಶವಾದ 52 ಹಳ್ಳಿಗಳನ್ನು ಬೇರೆ ಜಾಗಕ್ಕೆ ಸ್ಥಳಾಂತರಿಸಿ, ಕುಟುಂಬದ ಜಮೀನಿಗೆ ಅನುಗುಣವಾಗಿ 250, 400 ಅಥವಾ 750 ಚದರಡಿಯ ಮನೆಗಳನ್ನು ಕಟ್ಟಿಕೊಡಲಾಯಿತು. ಪತ್ರಿಕೆಗಳು ಬರೆದದ್ದೂ, ಮಂತ್ರಿಗಳು ಬಂದು ನೋಡಿದ್ದೂ ಆ ಊರುಗಳನ್ನೇ. ನನ್ನ ಪಾಲಿಗೆ ಬಂದದ್ದು ಯಾರೂ ಫೋಟೋ ತೆಗೆಯದ ಕೆಲಸ, ಅಂದರೆ ಬಿರುಕು ಬಿಟ್ಟರೂ ಬೀಳದೆ ನಿಂತಿದ್ದ ಹಳೆಯ ಮನೆಗಳ ದುರಸ್ತಿ ಮತ್ತು ಬಲವರ್ಧನೆ. ಅಂಥ ಮನೆಗಳ ಸಂಖ್ಯೆ ಹೊಸದಾಗಿ ಕಟ್ಟಿದವುಗಳಿಗಿಂತ ಎಷ್ಟೋ ಪಟ್ಟು ಹೆಚ್ಚಿತ್ತು.

ಆ ಮನೆಗಳು ನಮ್ಮ ಕಡೆಯ ಮಾಳಿಗೆ ಮನೆಗಳಂಥವೇ, ಅಂದರೆ ಮಣ್ಣಿನ ಚಾವಣಿಯವು. ಎರಡು ಅಡಿಗೂ ಮೀರಿದ ದಪ್ಪದ ಕಲ್ಲುಗೋಡೆ, ಒಳಗೆ ಕಂಬ, ಕಂಬದ ತಲೆಯ ಮೇಲೆ ಬೋದಿಗೆ, ಅದರ ಮೇಲೆ ತೊಲೆ, ತೊಲೆಗೆ ಅಡ್ಡಲಾಗಿ ಸಣ್ಣ ಮರದ ಜಂತಿ, ಅದರ ಮೇಲೆ ಮಣ್ಣು. ಗೋಡೆ ದಪ್ಪವಾಗಿದೆ ಎಂದು ಕಂಡರೂ ಅದು ವಾಸ್ತವವಾಗಿ ಒಂದೇ ಗೋಡೆಯಲ್ಲ. ಒಳಗೊಂದು, ಹೊರಗೊಂದು ಕಲ್ಲಿನ ಪದರ ಕಟ್ಟಿ, ನಡುವೆ ಚೂರುಕಲ್ಲನ್ನೂ ಕೆಸರನ್ನೂ ತುಂಬಿರುತ್ತಾರೆ. ಎರಡನ್ನೂ ಹಿಡಿದಿಡುವ ಬಂಧಗಲ್ಲು ಇಲ್ಲದಿದ್ದರೆ, ನೆಲ ಅಲುಗಿದೊಡನೆ ಪದರಗಳು ಬೇರ್ಪಟ್ಟು ಗೋಡೆಗೆ ಹೊಟ್ಟೆ ಬರುತ್ತದೆ, ಆಮೇಲೆ ಕುಸಿಯುತ್ತದೆ. ಮಾಳಿಗೆಯದು ಇನ್ನೊಂದು ಕಥೆ. ಸೋರದಿರಲೆಂದು ಮಳೆಗಾಲಕ್ಕೆ ಮುಂಚೆ ಹೊಸ ಮಣ್ಣು ಹಾಕುವುದು ರೂಢಿ, ಹಳೆಯದನ್ನು ತೆಗೆಯುವುದು ರೂಢಿಯಲ್ಲ. ಅಜ್ಜ ಹಾಕಿದ್ದರ ಮೇಲೆ ಅಪ್ಪ, ಅಪ್ಪನದರ ಮೇಲೆ ಮಗ ಹಾಕುತ್ತಾ ಹೋಗಿ ಕೆಲವೆಡೆ ಎರಡಡಿ ದಪ್ಪವಾಗಿತ್ತು. ಮೂರು ಮೀಟರ್ ಅಗಲ, ಐದು ಮೀಟರ್ ಉದ್ದದ ಕೋಣೆಯ ಮೇಲೆ ಅಷ್ಟು ಮಣ್ಣಿದ್ದರೆ ಅದರ ತೂಕ ಸುಮಾರು 14 ಟನ್ ಆಗುತ್ತದೆ.

ಹಾಗಾಗಿ ನಾನು ಪ್ರತಿ ಮನೆಯಲ್ಲೂ ಕೆಲಸವನ್ನು ಮೇಲಿನಿಂದಲೇ ಆರಂಭಿಸುತ್ತಿದ್ದೆ. ಮಣ್ಣನ್ನು ಬುಟ್ಟಿಯಲ್ಲಿ ಇಳಿಸಿ, ಜಂತಿಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಎಂಟು ಇಂಚಿನಷ್ಟು ಮಣ್ಣನ್ನು ಮಾತ್ರ ಮರಳಿ ಹಾಕಿಸುತ್ತಿದ್ದೆ. ಕಂಬಕ್ಕೂ ತೊಲೆಗೂ ನಡುವೆ ಓರೆಯಾಗಿ ಮರದ ಆಸರೆ ಜಡಿದಾಗ ಚೌಕಟ್ಟು ಪಕ್ಕಕ್ಕೆ ವಾಲುವುದು ನಿಲ್ಲುತ್ತಿತ್ತು. ಸೂರಿನ ಕೆಳಗೆ ಗೋಡೆಯ ಎರಡೂ ಮುಖಗಳಿಗೆ ಕಬ್ಬಿಣದ ಜಾಲರಿ ಸುತ್ತಿ ಸಿಮೆಂಟ್ ಗಾರೆ ಹಾಕುವುದಕ್ಕೆ ಗೌಂಡಿಗಳು, ಅಂದರೆ ಗಾರೆಕೆಲಸದವರು, ‘ಮನೆಯ ಉಡಿದಾರ’ ಎಂದು ಹೆಸರಿಟ್ಟಿದ್ದರು. ನಕ್ಷೆಯಲ್ಲಿದ್ದ ಹೆಸರಿಗಿಂತ ಅದೇ ಚೆನ್ನಾಗಿತ್ತು.

ಬಂಧಗಲ್ಲಿನ ಕೆಲಸ ಎಲ್ಲಕ್ಕಿಂತ ನಾಜೂಕಿನದು. ನಿಂತ ಗೋಡೆಗೆ ಉದ್ದನೆಯ ಕಲ್ಲನ್ನು ತೂರಿಸಲಾಗದು. ಆದ್ದರಿಂದ ಸುಮಾರು ಒಂದು ಮೀಟರಿಗೊಂದರಂತೆ ಗೋಡೆಯಲ್ಲಿ ಆರಪಾರ ರಂಧ್ರ ಮಾಡಿ, ತುದಿ ಬಗ್ಗಿಸಿದ ಸರಳನ್ನಿಟ್ಟು, ಕಾಂಕ್ರೀಟ್ ತುಂಬಿ, ಹತ್ತು ದಿನ ನೀರುಣಿಸಬೇಕು. ರಂಧ್ರ ಮಾಡುವಾಗ ಕಲ್ಲನ್ನು ಸುತ್ತಿಗೆಯಿಂದ ಹೊಡೆಯಬಾರದು. ಸುತ್ತಲಿನ ಮಣ್ಣನ್ನು ಕೆರೆದು, ಸಣ್ಣ ಹಾರೆಯಿಂದ ಅಲುಗಿಸಿ, ಹಾಲುಹಲ್ಲು ಕೀಳುವಂತೆ ಹೊರತೆಗೆಯಬೇಕು. ನನ್ನ ಮೂರನೆಯ ಮನೆಯಲ್ಲಿ ನಾನು ಈ ಮಾತನ್ನು ಹೇಳಿ ಸುಮ್ಮನಾದೆನೇ ಹೊರತು ಪಕ್ಕದಲ್ಲಿ ನಿಲ್ಲಲಿಲ್ಲ. ತೊಲೆಗೆ ಊರುಗೋಲು ಕೊಡಿಸಲೂ ಇಲ್ಲ. ಊಟ ಮುಗಿಸಿ ಬರುವಷ್ಟರಲ್ಲಿ ಸುತ್ತಿಗೆಯ ಪೆಟ್ಟಿಗೆ ಹೊರಪದರ ಆರಡಿ ಅಗಲಕ್ಕೆ ಜಾರಿ ಅಂಗಳದಲ್ಲಿ ಬಿದ್ದಿತ್ತು. ಯಾರಿಗೂ ಗಾಯವಾಗಲಿಲ್ಲವಾದರೂ, ಭೂಕಂಪಕ್ಕೆ ಬೀಳದ ಗೋಡೆಯನ್ನು ಎಂಜಿನಿಯರ್ ಬೀಳಿಸಿದ ಎಂಬ ಮಾತು ಸಂಜೆಯೊಳಗೆ ನಾಲ್ಕು ಊರು ದಾಟಿತು. ಅದು ನಿಜವೂ ಆಗಿತ್ತು. ಆ ಗೋಡೆಯನ್ನು ಬಂಧಗಲ್ಲಿಟ್ಟು ಹೊಸದಾಗಿ ಕಟ್ಟಿಸಿದ ಮೇಲೆಯೇ ಮುಂದಿನ ಮನೆಗೆ ಹೋದೆ.

ಆದರೆ ನಿಜವಾದ ತೊಡಕು ಗೋಡೆಯದಾಗಿರಲಿಲ್ಲ. ಕಲ್ಲುಮನೆಯಲ್ಲಿ ಮಲಗಲು ಜನರು ಹೆದರುತ್ತಿದ್ದರು, ಆ ಹೆದರಿಕೆಯನ್ನು ಲೆಕ್ಕ ತೋರಿಸಿ ಹೋಗಲಾಡಿಸುವುದು ಸಾಧ್ಯವಿರಲಿಲ್ಲ. ಬಲವರ್ಧನೆಯ ಹಣದಲ್ಲಿ ಹಿತ್ತಲಲ್ಲೊಂದು ಇಟ್ಟಿಗೆಯ ಕೋಣೆ ಕಟ್ಟಿಕೊಂಡು, ಹಳೆಯ ಮನೆಯನ್ನು ಇದ್ದಂತೆಯೇ ಬಿಟ್ಟವರು ಬಹಳ. ಅವರನ್ನು ನಾನು ಆಗ ದಡ್ಡರೆಂದುಕೊಂಡಿದ್ದೆ. ಈಗ ಹಾಗೆನ್ನಿಸುವುದಿಲ್ಲ, ಏಕೆಂದರೆ ಅವರಿಗೆ ಬೇಕಾಗಿದ್ದುದು ರಾತ್ರಿ ನಿದ್ದೆ. ಆದರೆ ಹಗಲೆಲ್ಲ ಹಳೆಯ ಮನೆಯಲ್ಲೇ ಅಡುಗೆ, ಅಲ್ಲೇ ತೊಟ್ಟಿಲು, ಅಲ್ಲೇ ಜೋಳದ ಚೀಲಗಳು.

ಪರಿಸ್ಥಿತಿ ತುಸು ಬದಲಾದದ್ದು ಊರಿನ ಹೆಂಗಸರನ್ನೇ ‘ಸಂವಾದ ಸಹಾಯಕ’ರನ್ನಾಗಿ ಸೇರಿಸಿಕೊಂಡ ಮೇಲೆ. ನಾನು ಗಂಡಸರಿಗೆ ಸರಳಿನ ವ್ಯಾಸದ ಬಗ್ಗೆ ಹೇಳುತ್ತಿದ್ದಾಗ ಈ ಹೆಂಗಸರು ಅಡುಗೆಮನೆಗೆ ಹೋಗಿ ಒಲೆಯ ಹಿಂದಿನ ಗೋಡೆಯನ್ನು ತಟ್ಟಿ ನೋಡುತ್ತಿದ್ದರು. ಸಿಮೆಂಟಿಗೆ ನೀರುಣಿಸುವುದು ತಪ್ಪದಂತೆ ನೋಡಿಕೊಂಡವರೂ ಅವರೇ.

ನಾನು ಅಲ್ಲಿಂದ ಹೊರಡುವ ವಾರ ಒಬ್ಬ ಅಜ್ಜಿ ತನ್ನ ಮನೆಯ ಬಂಧಗಲ್ಲುಗಳ ತಲೆಗೆ ಸುಣ್ಣ ಹಚ್ಚಿಸಿ ಎಣಿಸಲು ನನ್ನನ್ನು ಕರೆದಳು. ನಕ್ಷೆಯಲ್ಲಿ 22 ಇದ್ದವು, ಗೋಡೆಯಲ್ಲಿ 21. ಉಳಿದ ಒಂದನ್ನು ಮರುದಿನ ಬೆಳಿಗ್ಗೆ, ಅವಳ ಎದುರಿಗೇ ಕೂತು ಹಾಕಿಸಿದೆ.