53ರಲ್ಲಿ 51: ಪಂಟ್ ನೋಡಿ ತಂಡ ಹೇಳಿದ ನನ್ನ ಅನುಭವ

2025ರ ಆಗಸ್ಟ್ 26, ಮಂಗಳವಾರ. ಸಂಜೆ 4ಕ್ಕೆ ಗಡುವು. ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ಸ್ಟೀಲರ್ಸ್ ತಂಡ 90 ಆಟಗಾರರನ್ನು 53ಕ್ಕೆ ಇಳಿಸಿ ಸೀಸನ್‌ನ ಪಟ್ಟಿ ಬಿಟ್ಟಿತು. ನಾನು ಮೊದಲೇ ಊಹಿಸಿ ಬರೆದಿದ್ದ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಹೆಸರಿಗೆ ಟಿಕ್ ಹಾಕುತ್ತಾ ಹೋದೆ. 51 ಸರಿ! ಎರಡು ಸಲ ಎಣಿಸಿದೆ. ಪಿಟ್ಸ್‌ಬರ್ಗ್‌ನ ನಮ್ಮ ಗುಂಪಿನಲ್ಲಿ ಹನ್ನೊಂದು ಜನ ಪ್ರತಿ ವರ್ಷ ತಲೆಗೆ 50 ಡಾಲರ್ ಪಂತ ಕಟ್ಟುತ್ತೇವೆ. ಅಲ್ಲಿಯವರೆಗೆ 49 ದಾಟಿದವರು ಯಾರೂ ಇರಲಿಲ್ಲ.

ಇದನ್ನು ಬರೆಯೋಕೆ ಕಾರಣ ಇದೆ. ಐದು ವರ್ಷದಿಂದ ನಾನು ಒಂದೇ ಮಾತು ಹೇಳುತ್ತಿದ್ದೆ. ಕೊನೆಯ ಎಂಟು ಜಾಗ ಯಾರಿಗೆ ಅಂತ ಗೊತ್ತಾಗಬೇಕಾದರೆ ಚೆಂಡು ಹಿಡಿಯುವವರನ್ನು ನೋಡಬೇಡಿ, ಪಂಟ್ ಹೊಡೆದಾಗ, ಅಂದರೆ ಚೆಂಡನ್ನು ದೂರ ಒದ್ದು ಎದುರಾಳಿಗೆ ಬಿಟ್ಟುಕೊಟ್ಟಾಗ, ಅದರ ಹಿಂದೆ ಓಡುವವರನ್ನು ನೋಡಿ. ಯಾರೂ ನಂಬಲಿಲ್ಲ. ಗುಂಪಿನಲ್ಲಿ ದಾವಣಗೆರೆಯ ಹುಡುಗನೊಬ್ಬ ಇದ್ದಾನೆ, ಆಟ ಚೆನ್ನಾಗಿ ಬಲ್ಲವನು. "ಅಕ್ಕ, ಪಂಟ್ ಬಂದ್ರೆ ಜನ ಎದ್ದು ಕಾಫಿಗೆ ಹೋಗ್ತಾರೆ. ನೀವು ಅದನ್ನ ನೋಡೋಕೆ ಅಂತ ಲಟ್ರೋಬ್‌ನ ಅಭ್ಯಾಸ ಕ್ಯಾಂಪಿಗೆ ಹೋಗ್ತೀರಲ್ಲ" ಅಂತ ಪ್ರತಿ ವರ್ಷ ಹೇಳುತ್ತಿದ್ದ. ಈಗ ಅವನೇ ಫೋನ್ ಮಾಡಿ ನನ್ನ ನೋಟ್‌ಬುಕ್ ಕೇಳುತ್ತಿದ್ದಾನೆ.

ನೀವೂ ಆಗಸ್ಟ್ ಬಂತೆಂದರೆ 53 ಹೆಸರು ಬರೆಯುವವರೇ ಅಲ್ವಾ, ಹಾಗಾಗಿ ಮೂಲಪಾಠ ಬಿಡುತ್ತೇನೆ. ಮೊದಲ 44, 45 ಹೆಸರು ಯಾರು ಬೇಕಾದರೂ ಬರೆಯುತ್ತಾರೆ. ಅದರಲ್ಲಿ ಹೆಚ್ಚುಗಾರಿಕೆ ಏನೂ ಇಲ್ಲ. ಐದನೇ ರಿಸೀವರ್ (ಎಸೆದ ಚೆಂಡು ಹಿಡಿಯುವವನು), ಐದನೇ ಸೇಫ್ಟಿ (ಹಿಂದೆ ನಿಂತು ಕಾಯುವವನು), ಒಂಬತ್ತನೇ ಲೈನ್‌ಮನ್ (ಮುಂದಿನ ಸಾಲಿನಲ್ಲಿ ಗುದ್ದಾಡುವವನು), ಮೂರನೇ ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವವನು), ಜಗಳ ಇರುವುದೇ ಇಲ್ಲಿ.

ನಾನು ಶುರು ಮಾಡಿದ್ದು 2016ರಲ್ಲಿ. ಮೊದಲ ಮೂರು ನಾಲ್ಕು ವರ್ಷ ಎಲ್ಲರ ಹಾಗೆ ಕ್ಯಾಚ್ ಎಣಿಸಿದೆ. ಕ್ಯಾಂಪಿನಲ್ಲಿ ಯಾರು ಎಷ್ಟು ಹಿಡಿದರು, ಯಾರು ಬಿಟ್ಟರು, ಸೀಸನ್‌ಗೆ ಮುಂಚಿನ ಅಭ್ಯಾಸ ಪಂದ್ಯಗಳಲ್ಲಿ, ಅಂದರೆ ಪ್ರೀಸೀಸನ್ ಆಟದಲ್ಲಿ, ಯಾರಿಗೆ ಎಷ್ಟು ಯಾರ್ಡ್. ನೀಟಾಗಿ ಗೆರೆ ಎಳೆದು ಬರೆದ ಪುಸ್ತಕ ಈಗಲೂ ಇದೆ. 43, 45, 44 ಹೀಗೆ ಬರುತ್ತಿತ್ತು. ಅಂದರೆ ಅಷ್ಟು ಬಿಸಿಲಲ್ಲಿ ಕೂತಿದ್ದಕ್ಕೆ ಒಂದು ಹೆಸರೂ ಹೆಚ್ಚಿಗೆ ಸಿಕ್ಕಿರಲಿಲ್ಲ.

ಕಣ್ಣು ತೆರೆದದ್ದು 2020ರಲ್ಲಿ. ಆ ವರ್ಷ ಕೋವಿಡ್‌ನಿಂದ ಪ್ರೀಸೀಸನ್ ಆಟವೇ ಇರಲಿಲ್ಲ, ಕ್ಯಾಂಪಿಗೆ ನಮ್ಮನ್ನು ಬಿಡಲೂ ಇಲ್ಲ. ನೋಡಲಿಕ್ಕೆ ಏನೂ ಇಲ್ಲದ ವರ್ಷ. ಆದರೂ ಡ್ರಾಫ್ಟ್‌ನಲ್ಲಿ (ತಂಡಗಳು ಸುತ್ತು ಸುತ್ತಾಗಿ ಕಾಲೇಜು ಆಟಗಾರರನ್ನು ಆರಿಸುವ ಸರದಿ) ಯಾರೂ ಕರೆಯದ ಜೇಮ್ಸ್ ಪಿಯರ್ ಎಂಬ ಕಾರ್ನರ್‌ಬ್ಯಾಕ್ (ಎದುರಾಳಿ ರಿಸೀವರ್‌ಗಳನ್ನು ಕಾಯುವವನು) ತಂಡದಲ್ಲಿ ಉಳಿದ. ಹೇಗೆ ಅಂತ ನನಗೆ ಅರ್ಥವೇ ಆಗಲಿಲ್ಲ. ಸೀಸನ್ ಶುರುವಾದ ಮೇಲೆ ನೋಡಿದರೆ ಹುಡುಗ ಕಿಕ್ ಕವರೇಜಿನಲ್ಲಿ, ಅಂದರೆ ಒದ್ದ ಚೆಂಡು ಹಿಡಿದವನನ್ನು ತಡೆಯಲಿಕ್ಕೆ, ಓಡುತ್ತಿದ್ದ. ಆ ದಿನ ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಂಡೆ: ಐದನೇ ಕಾರ್ನರ್‌ನನ್ನು ಇಟ್ಟುಕೊಳ್ಳುವುದು ಕಾರ್ನರ್ ಆಡಿಸಲಿಕ್ಕಲ್ಲ. ಕ್ರಿಕೆಟ್‌ನಲ್ಲಿ ಹನ್ನೆರಡನೆಯವನನ್ನು ಫೀಲ್ಡಿಂಗ್ ನೋಡಿ ಆರಿಸುತ್ತಾರಲ್ಲ, ಹಾಗೆ.

2022ರಲ್ಲಿ ಕ್ಯಾಂಪ್ ಮತ್ತೆ ಲಟ್ರೋಬ್‌ನ ಸೇಂಟ್ ವಿನ್ಸೆಂಟ್ ಕಾಲೇಜಿಗೆ ಬಂತು. ನಮ್ಮ ಮನೆ ಮನ್ರೋವಿಲ್‌ನಲ್ಲಿ, ಅಲ್ಲಿಂದ 25 ಮೈಲಿ ಇರಬಹುದು. ಪೆನ್ ಹಿಲ್ಸ್ ದೇವಸ್ಥಾನದಿಂದ ಪುಳಿಯೋಗರೆ ಕಟ್ಟಿಸಿಕೊಂಡು ಮಧ್ಯಾಹ್ನ ಒಂದೂವರೆಗೆಲ್ಲ ಗುಡ್ಡದ ಹುಲ್ಲಿನ ಮೇಲೆ ಜಾಗ ಹಿಡಿಯುತ್ತಿದ್ದೆ. ಎಲ್ಲರೂ ಬರುತ್ತಿದ್ದದ್ದು 'ಸೆವೆನ್ ಶಾಟ್ಸ್' ನೋಡಲಿಕ್ಕೆ. ಎರಡು ಯಾರ್ಡ್ ಗೆರೆಯಿಂದ ಏಳು ಸಲ ಪ್ರಯತ್ನ, ಗೆದ್ದವರಿಗೆ ಚಪ್ಪಾಳೆ. ಅದು ಮುಗಿದು ಹಾರ್ನ್ ಹೊಡೆದರೆ ಸ್ಪೆಷಲ್ ಟೀಮ್ಸ್, ಅಂದರೆ ಚೆಂಡು ಒದೆಯುವಾಗ ಆಡುವವರ, ಸರದಿ. ಜನ ಎದ್ದು ನೆರಳಿಗೆ ಹೋಗುತ್ತಿದ್ದರು. ನನ್ನ ಕೆಲಸ ಶುರುವಾಗುತ್ತಿದ್ದದ್ದೇ ಆಗ.

ಒಂದು ದಿನದ್ದು ಹೇಳುತ್ತೇನೆ. ಪಂಟ್ ಕವರೇಜ್ ಅಭ್ಯಾಸ. ಅಂಚಿನಲ್ಲಿ ಒಬ್ಬ ಗನ್ನರ್ (ಎಲ್ಲರಿಗಿಂತ ಮೊದಲು ಚೆಂಡಿನ ಹಿಂದೆ ಓಡಬೇಕಾದವನು), ಅವನೆದುರು ತಡೆಯಲಿಕ್ಕೆ ಇಬ್ಬರು. ಚೆಂಡು ಎದ್ದಿತು. ಹುಡುಗ ಒಳಗೆ ಹೋಗುವ ಹಾಗೆ ಭುಜ ಬಾಗಿಸಿ ಹೊರಗೆ ಹಾರಿದ. ಒಬ್ಬ ಬಿದ್ದ, ಇನ್ನೊಬ್ಬ ಅವನ ಜೆರ್ಸಿ ಹಿಡಿದ. ಜೆರ್ಸಿ ಎಳೆಸಿಕೊಂಡೇ 40 ಯಾರ್ಡ್ ಓಡಿ, ಚೆಂಡು ಹಿಡಿಯುವವನ ಮುಂದೆ ಹೋಗಿ ನಿಂತ. ಬಾಯಿ ತುಂಬ ಗಮ್ ಅಗಿಯುತ್ತಾ ಆಗಿನ ಸ್ಪೆಷಲ್ ಟೀಮ್ಸ್ ಕೋಚ್ ಡ್ಯಾನಿ ಸ್ಮಿತ್ ಅಷ್ಟು ದೂರದಿಂದ ಓಡಿ ಬಂದು ಅವನ ಹೆಲ್ಮೆಟ್‌ಗೆ ತಟ್ಟಿದರು. ಅಷ್ಟರಲ್ಲಿ ಗುಡ್ಡದ ಮೇಲೆ ಅರ್ಧ ಜನ ಖಾಲಿ. ಇದನ್ನೆಲ್ಲ ನೋಡಲಿಕ್ಕೆ ದುರ್ಬೀನು ಬೇಕು. ನನ್ನದಕ್ಕೆ 180 ಡಾಲರ್ ಕೊಟ್ಟ ನೆನಪು. ಅಗ್ಗದ್ದು ತಗೋಬೇಡಿ, ಓಡುವವನ ನಂಬರ್ ಕಾಣುವುದಿಲ್ಲ.

ಇಷ್ಟೆಲ್ಲ ಮಾಡಿಯೂ 2022ರಲ್ಲಿ ಬಂದದ್ದು 46. ಪಂಟ್ ಒಂದನ್ನೇ ನೋಡಿದೆ, ಅದೇ ತಪ್ಪು. ರನ್ನಿಂಗ್ ಬ್ಯಾಕ್ ಜಾಗಕ್ಕೆ ಆಂಟನಿ ಮೆಕ್‌ಫಾರ್ಲೆಂಡ್ ಅಂತ ಬರೆದೆ. ನಾಲ್ಕನೇ ಸುತ್ತಿನ ಆಟಗಾರ, ಪ್ರೀಸೀಸನ್‌ನಲ್ಲಿ ಚೆನ್ನಾಗಿಯೂ ಓಡಿದ್ದ. ಉಳಿದವನು ಡ್ರಾಫ್ಟ್ ಆಗದ ಜೇಲನ್ ವಾರೆನ್. ಚೆಂಡು ಕೈಬಿಟ್ಟಿದ್ದಕ್ಕೆ ಕ್ಯಾಂಪಸ್ ತುಂಬ ಚೆಂಡು ಹಿಡಿದುಕೊಂಡೇ ಓಡಾಡಿಸಿದರಲ್ಲ, ಆ ಹುಡುಗ. ನಾನು ಆ ಕೈಬಿಟ್ಟ ಚೆಂಡನ್ನು ಪುಸ್ತಕದಲ್ಲಿ ಬರೆದುಕೊಂಡೆ. ರಕ್ಷಣೆಯ ಎರಡನೇ ಸಾಲಿನ ಲೈನ್‌ಬ್ಯಾಕರ್‌ಗಳು ನುಗ್ಗಿ ಬರುವಾಗ ಅವನು ಎದೆ ಕೊಟ್ಟು ತಡೆದದ್ದನ್ನು ಕಣ್ಣಾರೆ ನೋಡಿಯೂ ಬರೆದುಕೊಳ್ಳಲಿಲ್ಲ. ಈಗ ರನ್ನಿಂಗ್ ಬ್ಯಾಕ್‌ಗೆ ಬೇರೆ ಪುಟ ಇದೆ, ಅದರಲ್ಲಿ ಮೊದಲ ಕಾಲಂ ತಡೆಯುವುದರದ್ದೇ.

2023ರಲ್ಲಿ ಇನ್ನೊಂದು ಏಟು. ಕೆಂಡ್ರಿಕ್ ಗ್ರೀನ್ ಲೈನ್‌ನ ನಡುವೆ ಸೆಂಟರ್ ಆಡುವವನು, ಮೂರನೇ ಸುತ್ತಿನವನು. ಅವನನ್ನು ರನ್ನಿಂಗ್ ಬ್ಯಾಕ್‌ಗೆ ದಾರಿ ಬಿಡಿಸುವ ಫುಲ್‌ಬ್ಯಾಕ್ ಜಾಗದಲ್ಲೂ ಆಡಿಸುತ್ತಿದ್ದರು. ಎರಡು ಕೆಲಸ ಬರುವವನು, ಖಂಡಿತ ಉಳಿಯುತ್ತಾನೆ ಅಂದುಕೊಂಡೆ. ಗಡುವಿನ ದಿನವೇ ಹ್ಯೂಸ್ಟನ್‌ಗೆ ಟ್ರೇಡ್ ಮಾಡಿದರು. ಉಳಿದವನು ಏಳನೇ ಸುತ್ತಿನ ಸ್ಪೆನ್ಸರ್ ಆಂಡರ್ಸನ್. ಅವನು ಲೈನ್‌ನಲ್ಲಿ ಎಲ್ಲಿ ನಿಲ್ಲಿಸಿದರೂ ನಿಲ್ಲುತ್ತಿದ್ದ. ವ್ಯತ್ಯಾಸ ನೋಡಿ. ಒಬ್ಬನಿಗೆ ತನ್ನ ಜಾಗದಲ್ಲಿ ಕೆಲಸ ಇಲ್ಲ ಅಂತ ಹೊಸದು ಹುಡುಕುತ್ತಾರೆ. ಇನ್ನೊಬ್ಬನಿಗೆ ಇರುವ ಕೆಲಸದ ಪಕ್ಕದಲ್ಲೇ ಇನ್ನೆರಡು ಕೊಡುತ್ತಾರೆ. ಎರಡನೆಯವನ ಹೆಸರನ್ನೇ ಬರೆಯಬೇಕು. ಆ ವರ್ಷ 47.

ಸ್ಕೋರ್ ನೋಡುವ ಅಭ್ಯಾಸ ಬಿಟ್ಟದ್ದೂ ಆ ವರ್ಷವೇ. 2023ರ ಪ್ರೀಸೀಸನ್‌ನಲ್ಲಿ ನಮ್ಮ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು) ಕೆನ್ನಿ ಪಿಕೆಟ್ ಐದು ಸಲ ಚೆಂಡು ತಗೊಂಡು ಐದು ಸಲವೂ ಟಚ್‌ಡೌನ್ ಮಾಡಿಸಿದ. ಊರೆಲ್ಲ ಹಬ್ಬ. ನವೆಂಬರ್‌ಗೆ ಅಫೆನ್ಸ್ ಕೋಚ್‌ನನ್ನೇ ತೆಗೆದರು. 2008ರ ಡೆಟ್ರಾಯಿಟ್ ಲಯನ್ಸ್, 2017ರ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಎರಡೂ ಪ್ರೀಸೀಸನ್‌ನಲ್ಲಿ ನಾಲ್ಕಕ್ಕೆ ನಾಲ್ಕೂ ಗೆದ್ದು, ಆಮೇಲೆ ಸೀಸನ್‌ನಲ್ಲಿ ಹದಿನಾರಕ್ಕೆ ಹದಿನಾರೂ ಸೋತವು. ಸ್ಕೋರ್‌ಬೋರ್ಡ್‌ನಲ್ಲಿ ನಮಗೆ ಬೇಕಾದ್ದು ಏನೂ ಇರುವುದಿಲ್ಲ.

ಈಗ ದುಡ್ಡಿನ ವಿಷಯ. ಪುಸ್ತಕದಲ್ಲಿ ಎರಡನೇ ಕಾಲಂ ಇದು. ಎಷ್ಟು ಸಂಬಳ ಅಂತ ಬರೆಯುವುದಿಲ್ಲ, ತೆಗೆದರೆ ಎಷ್ಟು ಉಳಿಯುತ್ತದೆ ಅಂತ ಮಾತ್ರ ಬರೆಯುತ್ತೇನೆ. ಮೊದಲೆಲ್ಲ ಗ್ಯಾರಂಟಿ ದುಡ್ಡು ಇದ್ದರೆ ಕಣ್ಣು ಮುಚ್ಚಿ ಟಿಕ್ ಹಾಕುತ್ತಿದ್ದೆ. 2022ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದವರು 20 ಲಕ್ಷ ಡಾಲರ್ ಗ್ಯಾರಂಟಿ ಕೊಟ್ಟ ಅನುಭವಿ ಕ್ವಾರ್ಟರ್‌ಬ್ಯಾಕ್ ನೇಟ್ ಸಡ್‌ಫೆಲ್ಡ್‌ನನ್ನು ಕಳಿಸಿ, ಡ್ರಾಫ್ಟ್‌ನ ಕಟ್ಟಕಡೆಯ, 262ನೆಯ ಹುಡುಗ ಬ್ರಾಕ್ ಪರ್ಡಿಯನ್ನು ಇಟ್ಟುಕೊಂಡರು. ಅವತ್ತಿಗೆ ಆ ನಂಬಿಕೆ ಹೋಯಿತು. ಅನುಭವಿಯನ್ನು ಕಳಿಸಿದರೆ ಅವನಂಥ ಇನ್ನೊಬ್ಬ ಸಿಗುತ್ತಾನೆ. ಹುಡುಗನನ್ನು ವೇವರ್ಸ್‌ಗೆ, ಅಂದರೆ ತಂಡಗಳು ಬಿಟ್ಟವರ ಪಟ್ಟಿಗೆ, ಬಿಟ್ಟರೆ ಮರುದಿನ ಮಧ್ಯಾಹ್ನದೊಳಗೆ ಬೇರೆ ತಂಡ ಎತ್ತಿಕೊಂಡು ಹೋಗಬಹುದು. ಹಾಗಾಗಿ ಮೂರನೇ ಕಾಲಂ: ಬಿಟ್ಟರೆ ಯಾರಾದರೂ ಎತ್ತುತ್ತಾರಾ?

ಆ ಹುಡುಗರಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಲೆಕ್ಕ ಹಾಕಿ ನೋಡಿ. 2025ರಲ್ಲಿ ಹೊಸಬನೊಬ್ಬ 53ರಲ್ಲಿ ಸೀಸನ್ ಪೂರ್ತಿ ಇದ್ದರೆ ಕನಿಷ್ಠ 8 ಲಕ್ಷ 40 ಸಾವಿರ ಡಾಲರ್. 53ರ ಹೊರಗೆ ತಂಡದ ಜೊತೆ ಅಭ್ಯಾಸ ಮಾಡುವ ಪ್ರಾಕ್ಟೀಸ್ ಸ್ಕ್ವಾಡ್‌ಗೆ ಹೋದರೆ ವಾರಕ್ಕೆ 13 ಸಾವಿರ, 18 ವಾರಕ್ಕೆ 2 ಲಕ್ಷ 34 ಸಾವಿರ. ಒಂದು ಪಂಟ್‌ನಲ್ಲಿ ಸರಿಯಾಗಿ ಓಡಿದವನಿಗೂ ಓಡದವನಿಗೂ 6 ಲಕ್ಷ ಡಾಲರ್ ವ್ಯತ್ಯಾಸ. ಜೆರ್ಸಿ ಹಿಡಿದು ಎಳೆದರೂ ಆ ಹುಡುಗ ಯಾಕೆ ನಿಲ್ಲಲಿಲ್ಲ ಅಂತ ಗೊತ್ತಾಗುತ್ತದೆ.

ನನ್ನ ಖರ್ಚನ್ನೂ ಹೇಳಿಬಿಡುತ್ತೇನೆ. ಒಂಬತ್ತು ವರ್ಷ ಪಂತ ಸೋತದ್ದು 450 ಡಾಲರ್. ಆಟಗಳ ಮರುಪ್ರಸಾರಕ್ಕೆ ವರ್ಷಕ್ಕೆ ನೂರರ ಆಸುಪಾಸು. ಪ್ರೀಸೀಸನ್ ಟಿಕೆಟ್ 25, 30ಕ್ಕೆಲ್ಲ ಸಿಗುತ್ತದೆ. ಪೆಟ್ರೋಲ್, ಪುಳಿಯೋಗರೆ ಲೆಕ್ಕ ಇಟ್ಟಿಲ್ಲ. 550 ಡಾಲರ್ ಗೆದ್ದೆ. ಅಸಲು ಇನ್ನೂ ಬಂದಿಲ್ಲ, ಬರುತ್ತದೆ.

ಮಧ್ಯೆ ಒಂದು ಪ್ರಯೋಗ ಮಾಡಿದೆ. ಕ್ಲೀವ್‌ಲ್ಯಾಂಡ್‌ನಲ್ಲಿ ನಮ್ಮ ಭಾವ ಇದ್ದಾರೆ, ಬ್ರೌನ್ಸ್ ಅಭಿಮಾನಿ. "ನಮ್ಮ ತಂಡದ್ದೂ ಹೇಳಮ್ಮ" ಅಂದರು. ಬರೀ ಟಿವಿ ನೋಡಿ ಅವರ ಪಟ್ಟಿ ಮಾಡಿದೆ. 44 ಬಂತು. ಟಿವಿಯಲ್ಲಿ ಪಂಟ್ ಎದ್ದ ಕೂಡಲೇ ಕ್ಯಾಮೆರಾ ಚೆಂಡಿನ ಹಿಂದೆ ಹೋಗುತ್ತದೆ, ಅಂಚಿನ ಜಗಳ ಕಾಣುವುದೇ ಇಲ್ಲ. ಮೈದಾನದಲ್ಲಿ ಕೂರದೆ ಈ ವಿಧಾನ ನಡೆಯುವುದಿಲ್ಲ.

2024ರಲ್ಲಿ ಕಿಕಾಫ್ (ಆಟ ಶುರು ಮಾಡುವ ಒದೆತ) ನಿಯಮ ಬದಲಾಗಿ ನನ್ನ ಲೆಕ್ಕ ಪೂರಾ ಕೆಟ್ಟಿತು. ಒದೆಯುವ ತಂಡದ ಹತ್ತು ಜನ ಈಗ ಎದುರಾಳಿಯ 40 ಯಾರ್ಡ್ ಗೆರೆಯಲ್ಲೇ ನಿಲ್ಲುತ್ತಾರೆ. ಉದ್ದ ಓಟ ಇಲ್ಲ, ನಿಂತಲ್ಲಿಂದ ಗುದ್ದಾಟ. ಸಪೂರ ಕಾಲಿನ ಓಟಗಾರರಿಗಿಂತ ಲೈನ್‌ಬ್ಯಾಕರ್, ಸೇಫ್ಟಿ, ಟೈಟ್ ಎಂಡ್‌ಗಳಂಥ ಗಟ್ಟಿ ಆಳುಗಳಿಗೆ ಬೆಲೆ ಬಂತು. ನಾನು ಪಂಟ್, ಕಿಕಾಫ್ ಎರಡನ್ನೂ ಒಂದೇ ಪುಟದಲ್ಲಿ ಬರೆಯುತ್ತಿದ್ದೆ. ಅದೇ ವರ್ಷ ಗಾಯದ ಪಟ್ಟಿಯ ನಿಯಮವೂ ಬದಲಾಯಿತು. ವಾಪಸ್ ಬರಬಹುದಾದ ಇಬ್ಬರು ಗಾಯಾಳುಗಳನ್ನು ಗಡುವಿನ ದಿನವೇ ಪಕ್ಕಕ್ಕಿಡಬಹುದು, ಒಂದು ದಿನದ ಮಟ್ಟಿಗೆ ಅಂತ 53ರಲ್ಲಿ ಜಾಗ ಕೊಡಬೇಕಿಲ್ಲ. ಇದನ್ನು ಓದಿದ್ದೆ, ಪಟ್ಟಿ ಬರೆಯುವಾಗ ಮರೆತೆ. 48.

2025ಕ್ಕೆ ಎರಡು ಬೇರೆ ಪುಟ ಮಾಡಿದೆ. ಆ ವರ್ಷ ಟಚ್‌ಬ್ಯಾಕ್ ಆದರೆ, ಅಂದರೆ ಕಿಕಾಫ್ ಚೆಂಡು ಮೈದಾನದ ಕೊನೆಯ ಗೆರೆ ದಾಟಿ ಹೋದರೆ, ಎದುರಾಳಿಗೆ ಚೆಂಡು 35 ಯಾರ್ಡ್ ಗೆರೆಯಲ್ಲಿ ಸಿಗುವ ಹಾಗೆ ಮಾಡಿದರು. ಅಂದರೆ ಯಾವ ತಂಡವೂ ಸುಮ್ನೆ ಆಚೆ ಒದೆಯುವುದಿಲ್ಲ, ಕವರೇಜ್ ಕೆಲಸ ಜಾಸ್ತಿ ಆಗುತ್ತದೆ. ಏಳನೇ ಸುತ್ತಿನ ಲೈನ್‌ಬ್ಯಾಕರ್ ಕಾರ್ಸನ್ ಬ್ರೂನರ್ ಹೆಸರನ್ನು ಪೆನ್ಸಿಲ್ ಬಿಟ್ಟು ಪೆನ್ನಲ್ಲೇ ಬರೆದೆ. ಕ್ವಾರ್ಟರ್‌ಬ್ಯಾಕ್ ವಿಲ್ ಹೊವಾರ್ಡ್ ಕೈ ಮುರಿದುಕೊಂಡಾಗ ಈ ಸಲ ನಿಯಮ ಮರೆಯಲಿಲ್ಲ. ಅವನನ್ನು ಗಾಯದ ಪಟ್ಟಿಗೆ ಹಾಕಿ, ಮೂರನೇ ಕ್ವಾರ್ಟರ್‌ಬ್ಯಾಕ್ ಜಾಗಕ್ಕೆ ಸ್ಕೈಲರ್ ಥಾಂಪ್ಸನ್ ಬರೆದೆ.

ಗುಂಪಿನಲ್ಲಿ ಜಗಳ ಆದದ್ದು ರಿಸೀವರ್ ವಿಷಯಕ್ಕೆ. ರಾಬರ್ಟ್ ವುಡ್ಸ್ ಎಷ್ಟು ದೊಡ್ಡ ಹೆಸರು, ಎಷ್ಟು ವರ್ಷದ ಅನುಭವ. ಹನ್ನೊಂದರಲ್ಲಿ ಒಂಬತ್ತು ಜನ ಅವರ ಹೆಸರು ಬರೆದರು. ನಾನು ಬೆನ್ ಸ್ಕೌರೊನೆಕ್ ಬರೆದು ವುಡ್ಸ್ ಬಿಟ್ಟೆ. "ಅಕ್ಕ, ಬೇಕಂತಲೇ ದುಡ್ಡು ಕಳ್ಕೊಳ್ತಿದ್ದೀರಾ" ಅಂದ ದಾವಣಗೆರೆಯವನು. ನನ್ನ ಪುಟದಲ್ಲಿ ಸ್ಕೌರೊನೆಕ್ ಹೆಸರಿನ ಮುಂದೆ ಎಲ್ಲ ಕಡೆ ಟಿಕ್ ಇತ್ತು. ವುಡ್ಸ್ ಮುಂದೆ ಖಾಲಿ. ಐದು ನಿಮಿಷವೂ ಯೋಚಿಸಲಿಲ್ಲ. ಮಂಗಳವಾರ ವುಡ್ಸ್ ಅವರನ್ನು ಕಳಿಸಿದರು, ಸ್ಕೌರೊನೆಕ್ ಉಳಿದರು.

ಎರಡು ಕಡೆ ತಪ್ಪಿದೆ, ಒಬ್ಬ ಕಾರ್ನರ್, ಒಬ್ಬ ಡಿಫೆನ್ಸಿವ್ ಲೈನ್‌ಮನ್. ಲೈನ್‌ಮನ್‌ಗಳಿಗೆ ಈ ವಿಧಾನ ಹೊಂದುವುದಿಲ್ಲ, ಅವರದ್ದು ನನಗೆ ಇನ್ನೂ ಬಗೆಹರಿದಿಲ್ಲ.

ಒಂದೆರಡು ಗುಟ್ಟು ಉಳಿಸಿಕೊಂಡಿದ್ದೇನೆ. ಮೂರು ಕಾಲಂಗಳಿಗೆ ಯಾವ ಲೆಕ್ಕದಲ್ಲಿ ಅಂಕ ಕೊಡುತ್ತೇನೆ ಅನ್ನುವುದು ಒಂದು. ಮೂರನೇ ಪ್ರೀಸೀಸನ್ ಆಟದ ಕೊನೆಯ ಕ್ವಾರ್ಟರ್‌ನಲ್ಲಿ ಮೈದಾನ ಬಿಟ್ಟು ಬೆಂಚ್ ಕಡೆ ಏನು ನೋಡುತ್ತೇನೆ ಅನ್ನುವುದು ಇನ್ನೊಂದು. ಹತ್ತು ವರ್ಷ ಬಿಸಿಲು ಕಾಯ್ದು ಸಿಕ್ಕಿದ್ದು ಅವು. ನಮ್ಮ ಗುಂಪಿನವರೂ ಇದನ್ನು ಓದುತ್ತಾರೆ.

ಮರುದಿನದಿಂದ ಇನ್ನೊಂದು ಹುಚ್ಚು ಹಿಡಿದಿದೆ. ವೇವರ್ಸ್ ಮುಗಿದ ಮೇಲೆ ಪ್ರಾಕ್ಟೀಸ್ ಸ್ಕ್ವಾಡ್‌ನ 16 ಜನರನ್ನು ಹೇಳಬಹುದಾ ಅಂತ. ಮಂಗಳವಾರ ರಾತ್ರಿಯೇ ಕೂತು ಬರೆದೆ, ವುಡ್ಸ್ ವಾಪಸ್ ಬರುತ್ತಾರೆ ಅಂತಲೂ ಬರೆದೆ. ಬಂದರು. ಒಟ್ಟು ಒಂಬತ್ತೋ ಹತ್ತೋ ಸರಿ ಬಂತು. ಅಲ್ಲಿ ಬೇರೆ ತಂಡಗಳು ಬಿಟ್ಟವರನ್ನೂ ಲೆಕ್ಕಕ್ಕೆ ತಗೋಬೇಕು, ಅದಕ್ಕೆ 32 ತಂಡಗಳ ಪಂಟ್ ನೋಡಬೇಕು. ಕ್ಲೀವ್‌ಲ್ಯಾಂಡ್ ಭಾವನಿಗೆ ಒಂದು ದುರ್ಬೀನು ಕೊಡಿಸಿ ಕ್ಯಾಂಪಿಗೆ ಕಳಿಸುವುದು ಅಂತ ಮಾತಾಗಿದೆ.